ಹಾಲಿ ನೋಟು: ಕನ್ನಡವೂ ಇದ್ದ ನಿಜಾಮರ ಹಣ

ಬೀದರಿನ ನೌಬಾದದ ಸಂತೆ-ವ್ಯವಹಾರದಲ್ಲಿ ಒಂದು ಕಾಲಕ್ಕೆ ಎರಡು ರೂಪಾಯಿಗಳಿದ್ದವು: ನಿಜಾಮರ ‘ಹಾಲಿ’, ಬ್ರಿಟಿಷರ ‘ಕಲ್ದಾರ್’. ನೂರು ಕಲ್ದಾರ್‌ಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕಿತ್ತು. ಈ ಲೆಕ್ಕ ಬಾಯಲ್ಲೇ ಮಾಡುತ್ತಿದ್ದ ವ್ಯಾಪಾರಿಗಳ ಜಾಣ್ಮೆ ದೊಡ್ಡದು.

ನಿಜಾಮರ ಹೈದರಾಬಾದ್ ಸಂಸ್ಥಾನ 1918ರಲ್ಲಿ ಸ್ವಂತ ಕಾಗದದ ನೋಟು ಹೊರಡಿಸಿತು. ಹತ್ತಿರದಿಂದ ನೋಡಿ: ಉರ್ದು ಬರಹದ ಜೊತೆಗೆ ನೋಟಿನ ಮೌಲ್ಯ ಕನ್ನಡ, ಮರಾಠಿ, ತೆಲುಗಿನಲ್ಲೂ ಇದೆ. ಬೀದರಿನ ರೈತ ತನ್ನ ಲಿಪಿಯಲ್ಲೇ ಹಣ ಓದಬಹುದಿತ್ತು. ಕನ್ನಡಿಗರಾದ ನಮಗೆ ಈ ಕನ್ನಡ ಬರಹವೇ ನೋಟಿನ ಹೆಚ್ಚಿನ ಬೆಲೆ.

ಸಂಗ್ರಾಹಕರು ಮೊದಲು ಸಹಿ ನೋಡುತ್ತಾರೆ. ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದ ಗುಲಾಂ ಮೊಹಮ್ಮದ್ ಅವರ ಸಹಿಯೂ ಕೆಲವು ನೋಟುಗಳಲ್ಲಿದೆ. 1922ರಲ್ಲಿ ಫ್ರಾನ್ಸ್ ತೀರದ ಬಳಿ ಮುಳುಗಿದ ‘ಈಜಿಪ್ಟ್’ ಹಡಗಿನಿಂದ ಎಷ್ಟೋ ವರ್ಷದ ಬಳಿಕ ಮೇಲೆತ್ತಿದ ಹಾಲಿ ನೋಟುಗಳನ್ನಂತೂ ಹುಡುಕಿ ಕೊಳ್ಳುವವರಿದ್ದಾರೆ. ನೋಟಿನ ಸ್ಥಿತಿಗೆ ತಕ್ಕಂತೆ ಬೆಲೆ ಏರಿಳಿಯುತ್ತದೆ. ಟಾಚಣಿಯ ತೂತು, ಮಡಿಕೆಯ ಹರಕು, ಅಂಟುಪಟ್ಟಿ ಇದ್ದರೆ ಬೆಲೆ ಕುಸಿಯುತ್ತದೆ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರವೂ ಹಾಲಿ ಕೆಲವು ವರ್ಷ ಚಲಾವಣೆಯಲ್ಲಿತ್ತು. 1950ರ ದಶಕ ಮುಗಿಯುವ ಹೊತ್ತಿಗೆ ಭಾರತೀಯ ರೂಪಾಯಿಯೊಂದೇ ಉಳಿಯಿತು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ನೋಟು ಸಿಕ್ಕರೆ ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ.