ಅಜ್ಜನ ಪದ್ಮಿನಿ, ಸ್ಯಾಂಡ್‌ಪೇಪರ್ ಮತ್ತು ಲೈಸೆನ್ಸ್ ರಾಜ್

ಕಳೆದ ತಿಂಗಳು ತೀರ್ಥಹಳ್ಳಿಗೆ ಹೋದಾಗ ಅಪ್ಪ ಊಟಕ್ಕೆ ಕೂತಲ್ಲೇ ಹೇಳಿದ್ರು, "ಆ ಕಾರನ್ನ ಗುಜರಿಯವನಿಗೆ ಕೊಟ್ಟುಬಿಡೋಣ ಅಂತಿದೀನಿ ಕಣೋ. ಶನಿವಾರ ಬರ್ತಾನೆ."

ಆ ಕಾರು ಅಂದ್ರೆ 1984ರ ಪ್ರೀಮಿಯರ್ ಪದ್ಮಿನಿ, ಅಜ್ಜನದ್ದು. ಅಜ್ಜ ಹೋಗಿ ಮೂರು ವರ್ಷ ಆಯ್ತು. ಅಲ್ಲಿಂದ ಶೆಡ್ಡಿನಲ್ಲಿ ಅಡಿಕೆ ಚೀಲಗಳ ಹಿಂದೆ ಧೂಳು ಹಿಡಿದು ನಿಂತಿದೆ. ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ರೂ ಮನೆಯ ಕಾರಿನ ಬಾನೆಟ್ಟನ್ನ ಒಂದು ದಿನ ಎತ್ತಿ ನೋಡಿದವನಲ್ಲ :-)

ಆದ್ರೆ ಅಜ್ಜ ರಿಪೇರಿ ಮಾಡೋದನ್ನ ಚಿಕ್ಕಂದಿನಲ್ಲಿ ನೋಡಿದೀನಿ. ವಯಸ್ಸಾದ ರೇಡಿಯೇಟರ್ ಸೋರಿದ್ರೆ ಒಂದು ಹಿಡಿ ಅರಿಶಿನ ಪುಡಿ. ಪೆಟ್ರೋಲ್ ಟ್ಯಾಂಕ್ ಜಿನುಗಿದ್ರೆ ಬಟ್ಟೆ ಸೋಪು ಮೆತ್ತೋದು. ಆಗುಂಬೆ ಘಾಟಿ ಹತ್ತುವಾಗ ಬಿಸಿಯಾಗಿ ನಿಂತ್ರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಇದೇನು ಮಂತ್ರವಲ್ಲ. ಆ ಕಾಲದ ಕಾರುಗಳಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರ್ತಿತ್ತು. ಬಿಸಿ ಹೆಚ್ಚಾದ್ರೆ ಒಳಗಿನ ಪೆಟ್ರೋಲ್ ಆವಿಯಾಗ್ತಿತ್ತು, ಪಂಪಿಗೆ ಆವಿಯನ್ನ ತಳ್ಳೋಕೆ ಬರ್ತಿರಲಿಲ್ಲ. ತಣ್ಣಗೆ ಮಾಡಿದ್ರೆ ಮತ್ತೆ ದ್ರವ, ಮತ್ತೆ ಪಯಣ.

ಇಷ್ಟೆಲ್ಲ ವಿದ್ಯೆ ಒಬ್ಬ ಅಡಿಕೆ ಬೆಳೆಗಾರರಿಗೆ ಯಾಕೆ ಬೇಕಾಯ್ತು? ಹುಡುಕಿ ಓದ್ತಾ ಹೋದೆ. ಕಥೆ ಶುರುವಾಗೋದು ನಮ್ಮ ವಿಶ್ವೇಶ್ವರಯ್ಯನವರಿಂದ! 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಅಲ್ಲಿನ ಕಾರು ಉದ್ಯಮ ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸೋ ಯೋಜನೆ ಸಿದ್ಧಪಡಿಸಿದ್ರು. ಬ್ರಿಟಿಷ್ ಸರ್ಕಾರದಿಂದ ಬೆಂಬಲ ಸಿಗಲಿಲ್ಲ. ಆ ಕನಸಲ್ಲಿ ಜೊತೆಗಿದ್ದವರು ವಾಲಚಂದ್ ಹೀರಾಚಂದ್. 1940ರಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಮುಂದೆ ಎಚ್‌ಎಎಲ್ ಆಗಿದ್ದು) ಶುರುಮಾಡಿದ್ದೂ ಇವರೇ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ್ರು, ಬೊಂಬಾಯಿಯ ಕುರ್ಲಾದಲ್ಲಿ ಕಾರ್ಖಾನೆ ಬಂತು. ಮೊದಲು ಕ್ರೈಸ್ಲರ್ ಕಂಪನಿಯ ಗಾಡಿಗಳನ್ನ ಜೋಡಿಸ್ತಿದ್ರು, 50ರ ದಶಕದಲ್ಲಿ ಫಿಯೆಟ್ ಸೇರಿಕೊಳ್ತು.

1953ರಲ್ಲಿ ಟ್ಯಾರಿಫ್ ಕಮಿಷನ್ ಒಂದು ಮಾತು ಹೇಳ್ತು: ಬರೀ ಬಿಡಿಭಾಗ ತಂದು ಜೋಡಿಸೋ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲ, ಇಲ್ಲೇ ತಯಾರಿಸಬೇಕು. ಫೋರ್ಡ್, ಜನರಲ್ ಮೋಟರ್ಸ್ ಗಂಟು ಕಟ್ಟಿದವು. ಕಾರಿಗೆ ಉಳಿದಿದ್ದು ಮುಖ್ಯವಾಗಿ ಮೂರೇ: ಹಿಂದೂಸ್ತಾನ್ ಮೋಟರ್ಸ್, ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಲೈಸೆನ್ಸು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯ್ತಿದ್ರು. ಹಾಗಾಗಿ ಕೈಯಲ್ಲಿರೋ ಕಾರನ್ನ ಸಾಯೋಕೆ ಬಿಡೋ ಹಾಗೇ ಇರಲಿಲ್ಲ.

ಇನ್ನೊಂದು ಮಜಾ ನೋಡಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂದ ಮಾದರಿ ಇಟಲಿಯಲ್ಲಿ 1966ಕ್ಕೇ ನಿಂತುಹೋಯ್ತು. ಇಲ್ಲಿ 1974ರಲ್ಲಿ ಅದಕ್ಕೆ ಪದ್ಮಿನಿ ಅಂತ ಹೊಸ ಹೆಸರು ಬಂತು, ಅದೇ 1089 ಸಿಸಿ ಎಂಜಿನ್ನಿನಲ್ಲಿ 2000ದ ಸುಮಾರಿನವರೆಗೂ ಓಡ್ತು! ನಾವು ಇದನ್ನ ಹಿಂದುಳಿದಿರುವಿಕೆ ಅಂತೀವಿ, ನಿಜವೇ. ಆದ್ರೆ ರಿಪೇರಿ ಮಾಡೋನ ಕಡೆಯಿಂದ ನೋಡಿ. ಮೂವತ್ತು ವರ್ಷ ಕಾರು ಹೆಚ್ಚುಕಮ್ಮಿ ಬದಲಾಗದಿದ್ರೆ ಕಲಿತ ವಿದ್ಯೆಯೂ ಹಳೇದಾಗಲ್ಲ. ಒಂದು ಕಾರಿನ ಪಾರ್ಟು ಇನ್ನೊಂದಕ್ಕೆ ಕೂರುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದ್ರೆ ಸಿಗುತ್ತೆ. ನಮ್ಮ ಸಾಫ್ಟ್‌ವೇರಿನಲ್ಲಿ ಐದು ವರ್ಷದ ಹಿಂದೆ ಕಲಿತದ್ದು ಈಗ ಎಷ್ಟು ಉಪಯೋಗಕ್ಕೆ ಬರ್ತಿದೆ ಹೇಳಿ!

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡ ಅಂತಾಯ್ತು. ಆಮೇಲೆ ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂತು, ಕೈ ಹಾಕೋಕೆ ಜಾಗ ಇಲ್ಲದಾಯ್ತು. 2023ರ ಅಕ್ಟೋಬರ್‌ನಲ್ಲಿ ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 20 ವರ್ಷದ ವಯೋಮಿತಿ ಮುಗಿಸಿ ರಸ್ತೆ ಬಿಟ್ಟವು. ಅಷ್ಟರೊಳಗೆ, 2022ರ ಏಪ್ರಿಲ್‌ನಲ್ಲಿ, 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600ರಿಂದ 5000 ರೂಪಾಯಿಗೆ ಏರಿತ್ತು. ಅಪ್ಪನ ಲೆಕ್ಕಾಚಾರ ತಪ್ಪು ಅನ್ನೋಕಾಗಲ್ಲ.

ಇರಲಿ, ಶೆಡ್ಡಿಗೆ ವಾಪಸ್ ಬರೋಣ. ಶುಕ್ರವಾರ ಬೆಳಿಗ್ಗೆ ಅಜ್ಜನ ಸ್ಪ್ಯಾನರ್ ಡಬ್ಬಿ ತೆಗೆದೆ. ಹಳೇ ಪೆಟ್ರೋಲ್ ಬಸಿದು ಚೆಲ್ಲಿ, ಪಕ್ಕದ ಮನೆ ಟ್ರ್ಯಾಕ್ಟರಿನ ಬ್ಯಾಟರಿ ಬೇಡಿ ತಂದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗೆ ಎರಡು ಪುಟ್ಟ ಪಾಯಿಂಟುಗಳು. ಅವು ತೆರೆದಾಗ ಕಾಯಿಲಿನ ಕರೆಂಟು ಕಡಿದು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಮೂರು ವರ್ಷ ನಿಂತು ಅವುಗಳ ಮೇಲೆ ಕಿಲುಬು ಕೂತಿತ್ತು. ಸ್ಯಾಂಡ್‌ಪೇಪರಿನಿಂದ ಉಜ್ಜಿ, ನಡುವಿನ ಸಂದನ್ನ ನನ್ನ ಆಫೀಸಿನ ವಿಸಿಟಿಂಗ್ ಕಾರ್ಡ್ ತೂರಿಸಿ ಅಳೆದೆ. ಆ ಕಾರ್ಡು ಉಪಯೋಗಕ್ಕೆ ಬಂದದ್ದು ಅವತ್ತೇ ಮೊದಲು :-)

ನಾಲ್ಕನೇ ಸಲಕ್ಕೆ ಎಂಜಿನ್ ಕೆಮ್ಮಿ ಶುರುವಾಯ್ತು. ಕಾರು ಅಲುಗಾಡಲಿಲ್ಲ ಬಿಡಿ, ಬ್ರೇಕು ತುಕ್ಕು ಹಿಡಿದು ಚಕ್ರಕ್ಕೇ ಅಂಟಿದೆ. ಕೆಳಗಿನ ತಗಡಿಗೆ ತೂತು ಬಿದ್ದಿದೆ. ಐದು ನಿಮಿಷ ಓಡಿಸಿ ಆಫ್ ಮಾಡಿದೆ. ತಿರುಗಿ ನೋಡಿದ್ರೆ ಅಪ್ಪ ಬಾಗಿಲಲ್ಲಿ ನಿಂತಿದ್ರು. ಏನೂ ಹೇಳಲಿಲ್ಲ, ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ್ರು. "ಈ ಶನಿವಾರ ಬೇಡ ಮಾರಾಯಾ, ಮಳೆಗಾಲ ಕಳೀಲಿ ನೋಡೋಣ."

ಮುಂದಿನ ಸಲ ಊರಿಗೆ ಹೋಗೋವಾಗ ಬ್ರೇಕ್ ಸಾಮಾನು ಹುಡುಕಿಕೊಂಡು ಹೋಗಬೇಕು. ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ನಿಮ್ಮ ಮನೇಲೂ ಇಂಥ ಹಳೇ ಕಾರಿದ್ರೆ, ಅದನ್ನ ಓಡಿಸೋಕೆ ನಿಮ್ಮ ಹಿರಿಯರು ಏನೇನು ಮಾಡ್ತಿದ್ರು ಅಂತ ಬರೀರಿ. ಅರಿಶಿನ ಬಿಟ್ಟು ಬೇರೆ ಮದ್ದಿದ್ರೆ ನನಗೀಗ ಬೇಕು!