‘ಉಸಿರಾಡುವ ಗೋಡೆ’ ಎಂಬ ಮಾತೂ ಖನಿಜ ಲೇಪಗಳ ಇತಿಹಾಸವೂ

ಮನೆಯ ಹೊರಗೋಡೆಗೆ ಬಳಿಯುವ ಲೇಪವು ಮಳೆಯ ನೀರನ್ನು ತಡೆಯಬೇಕು. ಗೋಡೆಯೊಳಗಣ ತೇವವನ್ನಾದರೋ ಹೊರಬಿಡಬೇಕು. ಪರಸ್ಪರ ವಿರುದ್ಧವೆಂದು ತೋರುವ ಈ ಗುಣಗಳನ್ನು ಒಂದೆಡೆ ಕೂಡಿಸಿದ ಪ್ರಯತ್ನವು ಬಹುಮಟ್ಟಿಗೆ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ನಡೆದುದು. ಇಂತಹ ಲೇಪವುಳ್ಳ ಗೋಡೆ ‘ಉಸಿರಾಡುತ್ತದೆ’ ಎಂದು ಹೇಳುವುದು ವಾಡಿಕೆ. ಈ ಮಾತಿಗೆ ವಿದ್ವಾಂಸರ ಮನ್ನಣೆ ದೊರೆತುದು ಒಂದು ತಪ್ಪು ಅನುಮಾನದಿಂದ. ಆ ತಪ್ಪು ತಿದ್ದಲ್ಪಟ್ಟ ಬಳಿಕವೇ ಲೇಪದ ನಿಜವಾದ ಕಾರ್ಯವು ಅಳತೆಗೆ ಸಿಕ್ಕಿತು.

ಯೋಹಾನ್ ನೆಪೊಮುಕ್ ಫೂಕ್ಸ್ ಎಂಬ ರಸಾಯನಶಾಸ್ತ್ರಜ್ಞನು ನೀರಿನಲ್ಲಿ ಕರಗುವ ಗಾಜನ್ನು ಕಂಡುಹಿಡಿದು 1825ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಬೆಣಚುಕಲ್ಲಿನ ಮರಳನ್ನೂ ಪೊಟ್ಯಾಷನ್ನೂ ಉಗ್ರವಾದ ಶಾಖದಲ್ಲಿ ಕರಗಿಸಿ, ಆರಿದ ಗಾಜನ್ನು ಒತ್ತಡದಲ್ಲಿರುವ ಬಿಸಿನೀರಿನಲ್ಲಿ ಕರಗಿಸಿದರೆ ಪೊಟ್ಯಾಸಿಯಂ ಸಿಲಿಕೇಟಿನ ದ್ರವವು ದೊರೆಯುತ್ತದೆ. ಬರ್ಲಿನ್ನಿನ ನೂತನ ವಸ್ತುಸಂಗ್ರಹಾಲಯದ ಭಿತ್ತಿಚಿತ್ರಗಳಿಗೆ ಕೌಲ್ಬಾಖನು ಈ ವಿಧಾನವನ್ನೇ ಅನುಸರಿಸಿದನು. ಅದನ್ನು ಹೊರಗೋಡೆಗೆ ತಕ್ಕಂತೆ ಸುಧಾರಿಸಿ ಆಡಾಲ್ಫ್ ವಿಲ್ಹೆಲ್ಮ್ ಕೈಮ್ ಎಂಬವನು 1878ರಲ್ಲಿ ಪೇಟೆಂಟು ಪಡೆದನು. ಎಣ್ಣೆಬಣ್ಣವು ಗೋಡೆಯ ಮೇಲೆ ಪೊರೆಯಾಗಿ ಕೂರುತ್ತದೆ. ಕೈಮನ ಬಣ್ಣವಾದರೋ ಗಾರೆಯೊಡನೆ ಕೂಡಿ ಕಲ್ಲಾಗುತ್ತದೆ, ಸೂಕ್ಷ್ಮರಂಧ್ರಗಳು ತೆರೆದೇ ಇರುತ್ತವೆ. ಸ್ವಿಟ್ಜರ್ಲೆಂಡಿನ ಶ್ವಿಟ್ಸ್ ಪಟ್ಟಣದ ಪುರಭವನದ ಹೊರಗೋಡೆಗೆ 1891ರಲ್ಲಿ ಈ ಬಣ್ಣದಿಂದಲೇ ಚಿತ್ರ ಬರೆಯಲಾಯಿತು.

ಇಷ್ಟರಲ್ಲಿ ಮ್ಯೂನಿಕ್ಕಿನ ಆರೋಗ್ಯಶಾಸ್ತ್ರಜ್ಞ ಮಾಕ್ಸ್ ಫಾನ್ ಪೆಟೆನ್‌ಕೋಫರನು ಕೊಠಡಿಯೊಂದರ ಸಂದುಗಳನ್ನು ಮುಚ್ಚಿ ವಾಯುವಿನಿಮಯವನ್ನು ಅಳೆದಿದ್ದನು. ಅದು ತಾನು ನಿರೀಕ್ಷಿಸಿದಷ್ಟು ತಗ್ಗದಿದ್ದುದನ್ನು ಕಂಡು, ಗಾಳಿಯು ಗೋಡೆಯ ಮೂಲಕವೇ ಹಾಯುತ್ತದೆಂದು 1858ರಲ್ಲಿ ಸಾರಿದನು. ಸಂದುಗಳೆಲ್ಲವೂ ಮುಚ್ಚಿದುವೆಂದು ನಂಬಿದುದೇ ಪ್ರಮಾದ. ಆತನ ಹೆಸರಿನ ತೂಕದಿಂದ ಈ ಮತವು ಎಪ್ಪತ್ತು ವರ್ಷ ಬಾಳಿತು. ಗಾರೆ ಮಾಡಿದ ಗೋಡೆಯಲ್ಲಿ ಹಾಯುವ ಗಾಳಿ ನಗಣ್ಯವೆಂದು 1928ರಲ್ಲಿ ಎರ್ವಿನ್ ರೈಷನು ಅಳೆದು ತೋರಿಸಿದನು. ಗೋಡೆಯಲ್ಲಿ ಹಾಯುವುದು ಗಾಳಿಯಲ್ಲ, ನೀರಾವಿ. ಅದೂ ಬಹು ನಿಧಾನವಾಗಿ.

ಪ್ರಶ್ನೆ ಹೀಗೆ ಸ್ಪಷ್ಟವಾದ ಮೇಲೆ ಹೋಲ್ಟ್ಸ್‌ಕಿರ್ಷೆನ್ನಿನ ಸಂಶೋಧಕ ಹೆಲ್ಮೂಟ್ ಕ್ಯುನ್ಟ್ಸೆಲ್ ಅವರು 1960ರ ದಶಕದಲ್ಲಿ ಎರಡು ಮಿತಿಗಳನ್ನು ಗೊತ್ತುಮಾಡಿದರು. ಮೊದಲ ಗಂಟೆಯಲ್ಲಿ ಚದರ ಮೀಟರಿಗೆ ಹೀರಲ್ಪಡುವ ನೀರು 0.5 ಕಿಲೋಗ್ರಾಮನ್ನು ಮೀರಬಾರದು. ಆವಿಗೆ ಲೇಪವು ಒಡ್ಡುವ ತಡೆಯು 2 ಮೀಟರು ದಪ್ಪದ ನಿಶ್ಚಲ ಗಾಳಿಯ ತಡೆಗಿಂತ ಹೆಚ್ಚಿರಬಾರದು. ಎರಡೂ ಮಿತಿಯ ಅಂಚಿನಲ್ಲಿದ್ದರೂ ಸಾಲದು. ಇವುಗಳ ಗುಣಲಬ್ಧವೂ ಅಲ್ಪವಾಗಿರಬೇಕು. ಹೀರಿದಷ್ಟನ್ನು ಆರಿಸಲು ಗೋಡೆಗೆ ಶಕ್ತಿಯಿರಬೇಕೆಂಬುದು ಇದರ ತಾತ್ಪರ್ಯ. ಶುದ್ಧ ಸಿಲಿಕೇಟ್ ಲೇಪವು ಆವಿಯನ್ನು ಬಿಡುತ್ತಿತ್ತಾದರೂ ನೀರನ್ನು ತಕ್ಕಷ್ಟು ತಳ್ಳುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದುದು ಸಿಲಿಕೋನ್ ರಾಳ. ಅದರ ಅಣುವಿನಲ್ಲಿ ಸಿಲಿಕಾನ್–ಆಮ್ಲಜನಕದ ಸರಪಳಿ ಖನಿಜದ ಕಡೆಗೂ, ನೀರನ್ನು ಒಲ್ಲದ ಮೀಥೈಲ್ ಗುಂಪುಗಳು ಹೊರಕ್ಕೂ ತಿರುಗಿರುತ್ತವೆ. ರಾಳವನ್ನು ನೀರಿನಲ್ಲಿ ಎಮಲ್ಷನ್ ಮಾಡಿ, ಬಣ್ಣದ ಪುಡಿಯನ್ನು ಹೆಚ್ಚಾಗಿಯೂ ಅಂಟನ್ನು ಕಡಮೆಯಾಗಿಯೂ ಬೆರೆಸುವರು. ಅಂಟು ಕಡಮೆಯಾದುದರಿಂದ ಕಣಗಳ ನಡುವೆ ರಂಧ್ರಗಳು ಉಳಿಯುತ್ತವೆ. ರಂಧ್ರದ ಗೋಡೆಗೆ ರಾಳ ಹತ್ತಿರುವುದರಿಂದ ಹನಿ ಒಳನುಗ್ಗದು, ಆವಿ ಹೊರಡುತ್ತದೆ. ತಾವರೆಯೆಲೆಯ ಮೇಲಣ ನೀರು ನಮಗೆ ಹಳೆಯ ಉಪಮಾನ. ಆ ಎಲೆಯ ಮೇಲ್ಮೈಯನ್ನು ಅನುಕರಿಸುವ ಹೊರಗೋಡೆಯ ಬಣ್ಣವೊಂದು ಜರ್ಮನಿಯಲ್ಲಿ 1999ರಲ್ಲಿ ಮಾರಾಟಕ್ಕೆ ಬಂದಿತು.

ನಮ್ಮ ನಾಡಿನ ಹಳೆಯ ಗೋಡೆಗಳಿಗೆ ಬಳಿದ ಸುಣ್ಣವು ಆವಿಯನ್ನು ಬಿಡುತ್ತದೆ, ನೀರನ್ನೂ ಹೀರುತ್ತದೆ. ಹಬ್ಬದ ಮುನ್ನ ಮತ್ತೆ ಮತ್ತೆ ಬಳಿಯುವುದು ಇದರ ಪರಿಹಾರ. ಅದೇ ಗೋಡೆಯನ್ನು ಸಿಮೆಂಟು ಗಾರೆಯಿಂದಲೂ ಪ್ಲಾಸ್ಟಿಕ್ ಬಣ್ಣದಿಂದಲೂ ಮುಚ್ಚಿದಾಗ ತಳದಿಂದ ಏರಿದ ತೇವವು ಹೊರಡಲಾರದೆ, ಲವಣಗಳು ಪೊರೆಯ ಹಿಂದೆ ಹರಳುಗಟ್ಟಿ, ಪದರ ಪದರವಾಗಿ ಗಾರೆ ಕಳಚುತ್ತದೆ. ದುರಸ್ತಿಯ ಹೆಸರಿನಲ್ಲಿ ಹೀಗೆ ಕೆಟ್ಟ ಹಳೆಯ ಕಟ್ಟಡಗಳನ್ನು ನಮ್ಮ ಪಟ್ಟಣಗಳಲ್ಲಿ ಹುಡುಕಿ ನೋಡಬೇಕಾಗಿಲ್ಲ. ಆದರೆ ಬವೇರಿಯದ ಮಿತಿಗಳನ್ನು ಇಲ್ಲಿಗೆ ಯಥಾವತ್ತಾಗಿ ತರುವುದೂ ಸರಿಯೆಂದು ತೋರದು. ಆಗುಂಬೆಯಂತಹ ಊರಿನಲ್ಲಿ ಮಳೆಗಾಲದ ಗಾಳಿಯೇ ಆವಿಯಿಂದ ತುಂಬಿರುವಾಗ ಗೋಡೆ ಆರುವುದು ಅತ್ಯಲ್ಪ. ಅಲ್ಲಿ ನೀರ್ಹೀರಿಕೆಯ ಮಿತಿ ಇನ್ನೂ ಬಿಗಿಯಾಗಬೇಕು. ಮಲೆನಾಡಿನ ಮನೆಗಳು ಮಣ್ಣಿನ ಗೋಡೆಯನ್ನು ಕಾಯ್ದುಕೊಂಡುದು ಲೇಪದಿಂದಲ್ಲ, ಗೋಡೆಯಿಂದ ಬಹುದೂರ ಚಾಚಿದ ಸೂರಿನಿಂದ.