ಪ್ಯಾರಿಸ್‌ನ ಮೂರು ರಾತ್ರಿ

1993ರ ಜೂನ್ 15ರಿಂದ 17ರವರೆಗೆ ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ‘ವೆಲ್ವೆಟ್ ಅಂಡರ್‌ಗ್ರೌಂಡ್’ ನಡೆಸಿದ ಕಛೇರಿಗಳು ಅದೇ ಅಕ್ಟೋಬರಿನಲ್ಲಿ ಲೈವ್ ಆಲ್ಬಂ ಆಗಿ ಹೊರಬಂದವು. ವರ್ಷ ಮುಗಿಯುವುದರೊಳಗೆ ತಂಡವೇ ಇರಲಿಲ್ಲ. ಅದು ಎರಡನೆಯ ಸಲ ಒಡೆದಿತ್ತು.

ಮೊದಲ ಒಡಕು 1968ರದ್ದು. ನ್ಯೂಯಾರ್ಕ್‌ನ ಈ ತಂಡದಲ್ಲಿ ಹಾಡು ಕಟ್ಟುತ್ತಿದ್ದವನು ಲೂ ರೀಡ್. ವಯೋಲಾವನ್ನು ತಂಬೂರಿಯ ಶ್ರುತಿಯಂತೆ ಎಡೆಬಿಡದೆ ಮೊರೆಯಿಸಿ ಆ ಹಾಡುಗಳನ್ನು ಕಂಗೆಡಿಸುತ್ತಿದ್ದವನು ಜಾನ್ ಕೇಲ್. ಅವನಿರಬೇಕು ಇಲ್ಲವೇ ತಾನಿರಬೇಕು ಎಂದು ರೀಡ್ ಪಟ್ಟು ಹಿಡಿದ. ಆ ಸುದ್ದಿಯನ್ನು ಕೇಲ್‌ಗೆ ಮುಟ್ಟಿಸುವ ಕೆಲಸ ಗಿಟಾರ್ ವಾದಕ ಸ್ಟರ್ಲಿಂಗ್ ಮಾರಿಸನ್‌ನ ಪಾಲಿಗೆ ಬಂತು. ಎರಡು ವರ್ಷದಲ್ಲಿ ರೀಡ್ ಕೂಡ ಹೊರನಡೆದ.

ಮಾರಿಸನ್ ಆಮೇಲೆ ಟೆಕ್ಸಾಸ್‌ನಲ್ಲಿ ಹಳೆಯ ಇಂಗ್ಲಿಷ್ ಕಾವ್ಯದ ಮೇಲೆ ಪಿಎಚ್.ಡಿ. ಮಾಡಿದ, ಹೂಸ್ಟನ್ ಬಂದರಿನಲ್ಲಿ ಹಡಗುಗಳನ್ನು ಎಳೆಯುವ ಟಗ್ ದೋಣಿ ನಡೆಸಿದ. ನಿಂತುಕೊಂಡೇ ಡ್ರಮ್ ಬಾರಿಸುತ್ತಿದ್ದ ಮೋ ಟಕರ್ ಜಾರ್ಜಿಯಾದಲ್ಲಿ ವಾಲ್‌ಮಾರ್ಟ್ ನೌಕರಿ ಮಾಡುತ್ತ ಮಕ್ಕಳನ್ನು ಸಾಕಿದಳು. ತಂಡವನ್ನು ಬೆಳಕಿಗೆ ತಂದ ಕಲಾವಿದ ಆ್ಯಂಡಿ ವಾರ್ಹೋಲ್ 1987ರಲ್ಲಿ ತೀರಿಕೊಂಡಾಗ ರೀಡ್, ಕೇಲ್ ನಡುವೆ ಮಾತು ಮರಳಿತು. ಇಬ್ಬರೂ ಸೇರಿ ಅವನ ನೆನಪಿಗೆ ಹಾಡುಗಳ ಒಂದು ಸರಣಿಯನ್ನೇ ಕಟ್ಟಿದರು. 1990ರಲ್ಲಿ ಪ್ಯಾರಿಸ್ ಹೊರವಲಯದಲ್ಲಿ ವಾರ್ಹೋಲ್ ಕುರಿತ ಪ್ರದರ್ಶನವೊಂದರಲ್ಲಿ ನಾಲ್ವರೂ ಒಂದೇ ಒಂದು ಹಾಡು ನುಡಿಸಿದರು. ಅಲ್ಲಿಂದ ಮೂರು ವರ್ಷಕ್ಕೆ ಪ್ರವಾಸ ಎಡಿನ್‌ಬರೋದಲ್ಲಿ ಶುರುವಾಯಿತು. ಅರವತ್ತರ ದಶಕದಲ್ಲಿ ಈ ನಾಲ್ವರು ಒಟ್ಟಾಗಿ ಯುರೋಪಿನಲ್ಲಿ ಒಮ್ಮೆಯೂ ನುಡಿಸಿರಲಿಲ್ಲ.

ಆಲ್ಬಂನ ಧ್ವನಿ ಬಹಳ ಶುಭ್ರ. ಹಳೆಯ ಅಭಿಮಾನಿಗಳಿಗೆ ಅದೇ ಕೊರತೆ. ಮೊದಲ ದಾಖಲೆಗಳ ಗೊಗ್ಗರು ಗದ್ದಲ ಇಲ್ಲಿಲ್ಲ. ರೀಡ್ ತನ್ನ ಹಾಡುಗಳ ಸಾಲುಗಳನ್ನು ಮನಬಂದಂತೆ ಎಳೆದು ಮುರಿಯುತ್ತಾನೆ, ಕೆಲವೆಡೆ ಕಿರಿಕಿರಿಯಾಗುವಷ್ಟು. ಆದರೆ 1988ರಲ್ಲಿ ತೀರಿಹೋದ ನಿಕೊ ಹಾಡುತ್ತಿದ್ದ ಹಾಡುಗಳನ್ನು ಕೇಲ್ ತನ್ನ ಭಾರವಾದ ಕಂಠಕ್ಕೆ ಒಗ್ಗಿಸಿಕೊಂಡ ರೀತಿ ಬೇರೆಯೇ. ‘ಹೇ ಮಿಸ್ಟರ್ ರೇನ್’ ಸುಮಾರು ಕಾಲು ಗಂಟೆ ಹರಿಯುತ್ತದೆ. ವಯೋಲಾ ಗಿಟಾರುಗಳನ್ನು ಕೆಣಕುತ್ತದೆ, ಗಿಟಾರುಗಳು ತಿರುಗಿ ಬೀಳುತ್ತವೆ, ಟಕರ್ ಮಾತ್ರ ಅಲುಗುವುದಿಲ್ಲ. ಇಡೀ ಪ್ರವಾಸಕ್ಕೆ ಅರ್ಥ ಬರುವುದು ಈ ಹದಿನೈದು ನಿಮಿಷಗಳಿಂದ.

ಆಲ್ಬಂನ ನಿರ್ಮಾಪಕ ರೀಡ್‌ನ ಸ್ವಂತ ತಂಡದ ಗಿಟಾರ್ ವಾದಕ ಮೈಕ್ ರಾತ್ಕೆ. ಮುಂದೆ ಅಮೆರಿಕ ಪ್ರವಾಸ, ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮದ ಮಾತು ನಡೆದಾಗ ಅದರ ಧ್ವನಿಮುದ್ರಣದ ನಿರ್ಮಾಣ ತನ್ನದೇ ಎಂದು ರೀಡ್ ಹಟ ಮಾಡಿದ. ಕೇಲ್ ಒಪ್ಪಲಿಲ್ಲ. ಜಗಳ ಫ್ಯಾಕ್ಸ್‌ಗಳಲ್ಲಿ ನಡೆಯಿತು. ಹೀಗಾಗಿ ಮತ್ತೆ ಒಂದಾದ ತಂಡವನ್ನು ಅದರ ಸ್ವಂತ ದೇಶ ನೋಡಲೇ ಇಲ್ಲ.

1995ರ ಆಗಸ್ಟ್‌ನಲ್ಲಿ ಮಾರಿಸನ್ ಕ್ಯಾನ್ಸರಿನಿಂದ ತೀರಿಕೊಂಡ. ಮರುವರ್ಷ ಜನವರಿಯಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ ರೀಡ್, ಕೇಲ್, ಟಕರ್ ಮೂವರೇ ವೇದಿಕೆಗೆ ಬಂದು, ಅವನಿಗಾಗಿ ಬರೆದ ಹೊಸ ಹಾಡೊಂದನ್ನು ಹಾಡಿದರು.